ಮಾಜಿ ಸೈನಿಕರಿಗೆ 70 ತುಂಬಿದರೆ ಎರಡು ಆರೋಗ್ಯ ಕಾರ್ಡ್? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ನಮ್ಮ ತಂಡದ ಒಬ್ಬರ ಅಜ್ಜ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಈಗ ವಯಸ್ಸು 74. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಜ್ಜಿಯ ಜೊತೆ ಇದ್ದಾರೆ. ಒಂದು ದಿನ ಬೆಳಿಗ್ಗೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಅವರಿಂದ ಒಂದು ಫಾರ್ವರ್ಡ್ ಬಂತು. 70 ತುಂಬಿದ ಎಲ್ಲರಿಗೂ ಕೇಂದ್ರ ಸರ್ಕಾರ 5 ಲಕ್ಷ ರೂಪಾಯಿಯ ಉಚಿತ ಚಿಕಿತ್ಸೆ ಕೊಡುತ್ತಿದೆ, ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಜೊತೆಗೆ ಇದೂ ಸೇರಿ ಡಬಲ್ ಲಾಭ, ಕೂಡಲೇ ಲಿಂಕ್ ಒತ್ತಿ ನೋಂದಾಯಿಸಿಕೊಳ್ಳಿ ಎಂಬುದು ಅದರ ಸಾರ. ಕೆಳಗೆ ಅಜ್ಜ ತಾವೇ ಒಂದು ಸಾಲು ಬರೆದಿದ್ದರು: "ಪುಟ್ಟಿ, ಭಾನುವಾರ ಬಂದಾಗ ನನಗೂ ಅಜ್ಜಿಗೂ ಇದೊಂದು ಮಾಡಿಕೊಡು."

ಭಾನುವಾರದೊಳಗೆ ನಾವು ಈ ವಿಷಯವನ್ನು ಪೂರ್ತಿ ಓದಿಕೊಳ್ಳಬೇಕಾಯಿತು. ಓದಿದ ಮೇಲೆ ಗೊತ್ತಾಗಿದ್ದು ಇಷ್ಟು. ಸಂದೇಶದ ಅರ್ಧ ಭಾಗ ನಿಜ. ಉಳಿದ ಅರ್ಧ ತಪ್ಪು. ಆ ತಪ್ಪು ಅರ್ಧವನ್ನು ನಂಬಿ ಒಂದು ಬಟನ್ ಒತ್ತಿದರೆ, ಮಾಜಿ ಸೈನಿಕರೊಬ್ಬರು ತಮ್ಮ ಕೈಯಲ್ಲಿರುವ ದೊಡ್ಡ ಸೌಲಭ್ಯ ಬಿಟ್ಟು ಚಿಕ್ಕದನ್ನು ಹಿಡಿದುಕೊಂಡಂತೆ ಆಗಬಹುದು.

ಒಂದೊಂದಾಗಿ ನೋಡೋಣ.

ಸಂದೇಶದಲ್ಲಿ ನಿಜ ಎಷ್ಟು?

70 ತುಂಬಿದವರಿಗೆ ಆರೋಗ್ಯ ರಕ್ಷಣೆ ಕೊಡುವ ಯೋಜನೆ ಇರುವುದು ನಿಜ. ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ 2018ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ಅದು ಮುಖ್ಯವಾಗಿ ಬಡ ಕುಟುಂಬಗಳಿಗೆ ಮೀಸಲಾಗಿತ್ತು. 2024ರ ಸೆಪ್ಟೆಂಬರ್ 11ರಂದು ಕೇಂದ್ರ ಸಚಿವ ಸಂಪುಟ ಈ ಯೋಜನೆಯನ್ನು 70 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ ಎಲ್ಲರಿಗೂ ವಿಸ್ತರಿಸಿತು. ಆದಾಯ ಎಷ್ಟೇ ಇರಲಿ, ಬಿಪಿಎಲ್ ಆಗಲಿ ಎಪಿಎಲ್ ಆಗಲಿ, ವಯಸ್ಸೊಂದೇ ಅರ್ಹತೆ. ಅದೇ ವರ್ಷ ಅಕ್ಟೋಬರ್ 29ರಂದು ಇದಕ್ಕೆ ಚಾಲನೆ ಸಿಕ್ಕಿತು. ಇದಕ್ಕೆ ಕೊಡುವ ಕಾರ್ಡಿನ ಹೆಸರು ಆಯುಷ್ಮಾನ್ ವಯ ವಂದನಾ ಕಾರ್ಡ್. ಸುಮಾರು 4.5 ಕೋಟಿ ಕುಟುಂಬಗಳ 6 ಕೋಟಿ ಹಿರಿಯರಿಗೆ ಇದು ತಲುಪಬೇಕು ಎಂಬುದು ಸರ್ಕಾರದ ಅಂದಾಜು.

ವರ್ಷಕ್ಕೆ 5 ಲಕ್ಷ ರೂಪಾಯಿ ಎಂಬುದೂ ನಿಜ. ಆದರೆ ಅದು ತಲೆಗೆ 5 ಲಕ್ಷ ಅಲ್ಲ, ಕುಟುಂಬಕ್ಕೆ 5 ಲಕ್ಷ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೆ, ಆ 5 ಲಕ್ಷವನ್ನು ಇಬ್ಬರೂ ಹಂಚಿಕೊಳ್ಳಬೇಕು. ಮನೆಯವರೆಲ್ಲ ಮೊದಲೇ ಆಯುಷ್ಮಾನ್ ಯೋಜನೆಯಲ್ಲಿದ್ದರೆ, 70 ದಾಟಿದವರಿಗೆ ಮಾತ್ರ ಹೆಚ್ಚುವರಿಯಾಗಿ ಇನ್ನೊಂದು 5 ಲಕ್ಷ ಸಿಗುತ್ತದೆ. ಅದನ್ನು ಮನೆಯ ಕಿರಿಯರು ಬಳಸುವಂತಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ?

"ಇಸಿಎಚ್‌ಎಸ್ ಜೊತೆಗೆ" ಎಂಬ ಮಾತಿನಲ್ಲಿದೆ.

ಸಚಿವ ಸಂಪುಟದ ತೀರ್ಮಾನದ ದಿನ ಸರ್ಕಾರ ಹೊರಡಿಸಿದ ಪ್ರಕಟಣೆಯಲ್ಲೇ ಇದು ಸ್ಪಷ್ಟವಾಗಿದೆ. ಈಗಾಗಲೇ ಸರ್ಕಾರದ ಬೇರೆ ಆರೋಗ್ಯ ಯೋಜನೆಯಲ್ಲಿರುವ ಹಿರಿಯರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಮೂರು ಹೆಸರುಗಳಿವೆ: ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್, ಮತ್ತು ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಆಯುಷ್ಮಾನ್ ಸಿಎಪಿಎಫ್. ಈ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಇದ್ದರೆ, ಇರುವುದನ್ನು ಇಟ್ಟುಕೊಳ್ಳಿ ಅಥವಾ ಅದನ್ನು ಬಿಟ್ಟು ಇದಕ್ಕೆ ಬನ್ನಿ ಎಂದರ್ಥ. "ಇದೂ ಬೇಕು, ಅದೂ ಬೇಕು" ಎನ್ನುವ ಅವಕಾಶ ಇಲ್ಲ.

ಆದರೆ ಖಾಸಗಿ ಆರೋಗ್ಯ ವಿಮೆ ಮಾಡಿಸಿದವರಿಗೆ ಮತ್ತು ಇಎಸ್‌ಐ ಸೌಲಭ್ಯ ಇರುವವರಿಗೆ ಈ ಷರತ್ತು ಇಲ್ಲ. ಅವರು ಇರುವುದನ್ನು ಉಳಿಸಿಕೊಂಡೇ ವಯ ವಂದನಾ ಕಾರ್ಡ್ ಪಡೆಯಬಹುದು. ಗೊಂದಲ ಶುರುವಾಗುವುದೂ ಬಹುಶಃ ಇಲ್ಲಿಂದಲೇ. "ಬೇರೆ ವಿಮೆ ಇದ್ದರೂ ಸಿಗುತ್ತದೆ" ಎಂಬ ಸರಿಯಾದ ಮಾತು ಹತ್ತು ಗ್ರೂಪ್ ದಾಟುವಷ್ಟರಲ್ಲಿ "ಇಸಿಎಚ್‌ಎಸ್ ಇದ್ದರೂ ಸಿಗುತ್ತದೆ" ಎಂದಾಗಿಬಿಡುತ್ತದೆ.

ಇಸಿಎಚ್‌ಎಸ್ ಅಂದರೆ ನಿಜಕ್ಕೂ ಏನು?

ಪೂರ್ತಿ ಹೆಸರು ಎಕ್ಸ್ ಸರ್ವಿಸ್‌ಮೆನ್ ಕಾಂಟ್ರಿಬ್ಯೂಟರಿ ಹೆಲ್ತ್ ಸ್ಕೀಮ್. ಅಂದರೆ ಮಾಜಿ ಸೈನಿಕರು ತಾವೂ ಹಣ ಕೊಟ್ಟು ಸೇರುವ ಆರೋಗ್ಯ ಯೋಜನೆ. 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದಕ್ಕೂ ಮುಂಚೆ ಪಿಂಚಣಿದಾರ ಸೈನಿಕರು ಸೇನಾ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದರು. ಆ ಆಸ್ಪತ್ರೆಗಳ ಮೊದಲ ಕೆಲಸ ಸೇವೆಯಲ್ಲಿರುವ ಸೈನಿಕರನ್ನು ನೋಡಿಕೊಳ್ಳುವುದು. ಹಳ್ಳಿಗೆ ಮರಳಿದ ನಿವೃತ್ತರಿಗೆ ಅವು ದೂರವೂ ಹೌದು, ಜಾಗ ಸಿಗುವುದೂ ಕಷ್ಟ. ಆ ಕೊರತೆ ತುಂಬಲು ಬಂದದ್ದೇ ಇಸಿಎಚ್‌ಎಸ್. ಇದನ್ನು ನಡೆಸುವುದು ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆ.

ಇದು ಪುಕ್ಕಟೆ ಸಿಕ್ಕಿದ್ದಲ್ಲ ಎಂಬುದನ್ನು ಮನೆಯ ಮಕ್ಕಳು ಗಮನಿಸಬೇಕು. ಪಿಂಚಣಿ ಪಡೆದು ನಿವೃತ್ತರಾಗುವಾಗ ಒಂದು ಸಲ ವಂತಿಗೆ ಕಟ್ಟಬೇಕು. 2017ರ ಕೊನೆಯಲ್ಲಿ ನಿಗದಿಯಾದ ದರದಂತೆ ಹವಾಲ್ದಾರ್‌ವರೆಗಿನವರಿಗೆ 30,000 ರೂಪಾಯಿ, ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ 67,000, ಅಧಿಕಾರಿಗಳಿಗೆ 1,20,000. 1996ಕ್ಕೂ ಮುಂಚೆ ನಿವೃತ್ತರಾದವರು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಯುದ್ಧದಲ್ಲಿ ಅಂಗವಿಕಲರಾದವರು ಮುಂತಾದವರಿಗೆ ವಂತಿಗೆಯಿಂದ ವಿನಾಯಿತಿ ಇದೆ. ಒಮ್ಮೆ ಕಟ್ಟಿದರೆ ಸದಸ್ಯರಿಗೂ ಅವರ ಸಂಗಾತಿಗೂ ಜೀವನಪೂರ್ತಿ ಸೌಲಭ್ಯ. ಪ್ರತಿವರ್ಷ ಕಂತು ಕಟ್ಟುವ ಗೋಜಿಲ್ಲ.

ಸಿಗುವುದೇನು? ದೇಶದಾದ್ಯಂತ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ಅಲ್ಲಿ ವೈದ್ಯರು ನೋಡುತ್ತಾರೆ, ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನು ಕೊಡುತ್ತಾರೆ. ತಜ್ಞರ ಅಗತ್ಯ ಬಿದ್ದರೆ ಸೇನಾ ಆಸ್ಪತ್ರೆಗೋ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗೋ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಹಣ ಕಟ್ಟದೆ ಚಿಕಿತ್ಸೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯ ವೆಚ್ಚಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇಲ್ಲ. ವಯಸ್ಸಿನ ಮಿತಿ ಇಲ್ಲ. ಮೊದಲಿನಿಂದಲೂ ಇದ್ದ ಕಾಯಿಲೆ ಎಂಬ ತಕರಾರೂ ಇಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ

ವಯ ವಂದನಾ ಕಾರ್ಡಿನಲ್ಲಿ ಮಿತಿ 5 ಲಕ್ಷ. ಇಸಿಎಚ್‌ಎಸ್‌ಗೆ ಮಿತಿ ಇಲ್ಲ.

ವಯ ವಂದನಾ ಕಾರ್ಡ್ ಇರುವುದು ಆಸ್ಪತ್ರೆಗೆ ದಾಖಲಾದಾಗ ಬಳಸಲು. ದಾಖಲಾಗುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನದ ತಪಾಸಣೆ, ಔಷಧಿ ಅದರಲ್ಲಿ ಸೇರುತ್ತವೆ. ಆದರೆ ಪ್ರತಿ ತಿಂಗಳ ಮಾತ್ರೆ, ಸುಮ್ಮನೆ ವೈದ್ಯರಿಗೆ ತೋರಿಸಿಕೊಂಡು ಬರುವ ಖರ್ಚು, ಅಂದರೆ ಒಪಿಡಿ ವೆಚ್ಚ, ಅದರಲ್ಲಿ ಇಲ್ಲ. ಇಸಿಎಚ್‌ಎಸ್‌ನಲ್ಲಿ ಒಪಿಡಿಯೂ ಇದೆ, ತಿಂಗಳ ಔಷಧಿಯೂ ಇದೆ.

ವಯ ವಂದನಾದಲ್ಲಿ ಪ್ರತಿ ಚಿಕಿತ್ಸೆಗೂ ಒಂದು ಪ್ಯಾಕೇಜ್, ಆ ಪ್ಯಾಕೇಜಿಗೆ ಒಂದು ದರ. ಸಾಮಾನ್ಯವಾಗಿ ಜನರಲ್ ವಾರ್ಡ್. ಇಸಿಎಚ್‌ಎಸ್‌ನಲ್ಲಿ ಆಸ್ಪತ್ರೆಗೆ ಸಿಜಿಎಚ್‌ಎಸ್ ದರದಲ್ಲಿ ಹಣ ಸಂದಾಯವಾಗುತ್ತದೆ, ವಾರ್ಡ್ ನಿವೃತ್ತರಾದಾಗಿನ ಹುದ್ದೆಗೆ ತಕ್ಕಂತೆ.

ಲೆಕ್ಕ ಅರ್ಥವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರಿಗೂ ಸೇರಿ ತಿಂಗಳಿಗೆ 3,000 ರೂಪಾಯಿಯ ಮಾತ್ರೆ ಬೇಕು ಎಂದುಕೊಳ್ಳಿ. ವರ್ಷಕ್ಕೆ 36,000 ಆಯಿತು. ಹತ್ತು ವರ್ಷಕ್ಕೆ 3,60,000. ಬೆಲೆ ಏರಿಕೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಇಸಿಎಚ್‌ಎಸ್ ಬಿಟ್ಟು ಬಂದರೆ ಈ ಹಣ ಪೂರ್ತಿ ಕೈಯಿಂದ ಹೋಗುತ್ತದೆ. ಆ ಹತ್ತು ವರ್ಷದಲ್ಲಿ ಒಮ್ಮೆಯೂ ಆಸ್ಪತ್ರೆಗೆ ಸೇರದಿದ್ದರೂ ಇಷ್ಟು ನಷ್ಟ. 5 ಲಕ್ಷ ಎಂಬ ದೊಡ್ಡ ಅಂಕಿ ಕಣ್ಣಿಗೆ ಬೀಳುತ್ತದೆ. ತಿಂಗಳ ಮಾತ್ರೆಯ ಚಿಕ್ಕ ಅಂಕಿ ಕಾಣುವುದಿಲ್ಲ. ಇಳಿವಯಸ್ಸಿನ ಆರೋಗ್ಯ ವೆಚ್ಚದಲ್ಲಿ ಪ್ರತಿ ತಿಂಗಳೂ ಬಿಡದೆ ಬರುವುದು ಈ ಎರಡನೆಯದೇ.

ಆಪರೇಷನ್‌ಗಳ ಲೆಕ್ಕವೂ ಹೀಗೆಯೇ. ಒಬ್ಬರಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗ ಅದೇ ವರ್ಷ ಇನ್ನೊಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಇಬ್ಬರೂ ಹಂಚಿಕೊಳ್ಳುವ 5 ಲಕ್ಷ ಎಷ್ಟು ದಿನ ಬಂದೀತು? ಮಿತಿ ಇಲ್ಲದ ಯೋಜನೆಯ ಬೆಲೆ ಅಂಥ ವರ್ಷದಲ್ಲಿ ಗೊತ್ತಾಗುತ್ತದೆ.

ಮತ್ತೆ ಜನ ಯಾಕೆ ಬದಲಾಯಿಸಲು ಯೋಚಿಸುತ್ತಾರೆ?

ಕಾರಣಗಳಿವೆ. ಅವನ್ನು ಮುಚ್ಚಿಟ್ಟು ಇಸಿಎಚ್‌ಎಸ್ ಹೊಗಳಿದರೆ ನಾವೂ ಅರ್ಧ ಸತ್ಯ ಹೇಳಿದಂತೆ ಆಗುತ್ತದೆ.

ಮೊದಲನೆಯದು ದೂರ. ಪಾಲಿಕ್ಲಿನಿಕ್ ಎಲ್ಲ ತಾಲೂಕಿನಲ್ಲೂ ಇಲ್ಲ. ನಮ್ಮ ಅಜ್ಜನಿಗೆ ಮಾತ್ರೆ ತರಲು ಎರಡು ಬಸ್ ಬದಲಾಯಿಸಬೇಕು. ಮಂಡಿನೋವು ಇರುವವರಿಗೆ ಅದೇ ಒಂದು ಶಿಕ್ಷೆ. ಎರಡನೆಯದು ಔಷಧಿಯ ಕೊರತೆ. ಬರೆದ ಮಾತ್ರೆ ಕೌಂಟರಿನಲ್ಲಿ ಇಲ್ಲದಿದ್ದರೆ ಮತ್ತೊಮ್ಮೆ ಬರಬೇಕು. ಮೂರನೆಯದು, ಸರ್ಕಾರದಿಂದ ಬಿಲ್ ಬಾಕಿ ಉಳಿದಾಗ ಕೆಲವು ಖಾಸಗಿ ಆಸ್ಪತ್ರೆಗಳು ಇಸಿಎಚ್‌ಎಸ್ ರೋಗಿಗಳನ್ನು ಸೇರಿಸಿಕೊಳ್ಳಲು ಹಿಂದೇಟು ಹಾಕುತ್ತವೆ. ಈ ದೂರುಗಳು ಹೊಸವಲ್ಲ. ಮಹಾಲೇಖಪಾಲರು, ಅಂದರೆ ಸಿಎಜಿ, 2015ರಲ್ಲೇ ಇಸಿಎಚ್‌ಎಸ್ ಬಗ್ಗೆ ಪ್ರತ್ಯೇಕ ಲೆಕ್ಕಪರಿಶೋಧನಾ ವರದಿ ಕೊಟ್ಟು ಯೋಜನೆಯ ಕೊರತೆಗಳನ್ನು ಎತ್ತಿ ತೋರಿಸಿದ್ದರು.

ಆದರೆ ಇದಕ್ಕೆಲ್ಲ ವಯ ವಂದನಾ ಕಾರ್ಡ್ ಪರಿಹಾರವೇ? ಪಾಲಿಕ್ಲಿನಿಕ್ ದೂರ ಎಂದು ಇಸಿಎಚ್‌ಎಸ್ ಬಿಟ್ಟರೆ ಹತ್ತಿರಕ್ಕೆ ಬರುವ ಪಾಲಿಕ್ಲಿನಿಕ್ ಯಾವುದೂ ಇಲ್ಲ, ಯಾಕೆಂದರೆ ಹೊಸ ಯೋಜನೆಯಲ್ಲಿ ಒಪಿಡಿಯೇ ಇಲ್ಲ. ರೆಫರಲ್ ಚೀಟಿಯ ತಲೆನೋವು ತಪ್ಪುತ್ತದೆ ಎಂಬ ಮಾತೂ ನಮ್ಮ ರಾಜ್ಯದ ಮಟ್ಟಿಗೆ ಪೂರ್ತಿ ಸರಿಯಲ್ಲ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಯೋಜನೆ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯ ಜೊತೆ ಸೇರಿ ನಡೆಯುತ್ತದೆ. ನಿರ್ವಹಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನದು. ಇಲ್ಲಿ ತುರ್ತು ಸ್ಥಿತಿ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲ ಎಂದಾದರೆ ಮಾತ್ರ ಖಾಸಗಿಗೆ ರೆಫರಲ್. ಹಾಗಾಗಿ ಒಂದು ಚೀಟಿ ತಪ್ಪಿಸಲು ಹೋಗಿ ಇನ್ನೊಂದು ಚೀಟಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಅಮೆರಿಕದಲ್ಲಿ ಎರಡೂ ಇಟ್ಟುಕೊಳ್ಳಬಹುದಂತೆ?

ಹೌದು. ಮಕ್ಕಳು ಮೊಮ್ಮಕ್ಕಳು ಅಲ್ಲಿರುವ ಮನೆಗಳ ಗ್ರೂಪುಗಳಲ್ಲಿ ಈ ಹೋಲಿಕೆ ಆಗಾಗ ಬರುತ್ತದೆ. ಅಲ್ಲಿನ ಕಥೆ ಗೊತ್ತಿದ್ದರೆ ನಮ್ಮದೂ ಚೆನ್ನಾಗಿ ಅರ್ಥವಾಗುತ್ತದೆ.

ಅಮೆರಿಕದಲ್ಲಿ 65 ತುಂಬಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ಬಂದದ್ದು. ದುಡಿಯುವ ಕಾಲದಲ್ಲಿ ಸಂಬಳದಿಂದ ಅದಕ್ಕೆ ತೆರಿಗೆ ಕಡಿತವಾಗಿರುತ್ತದೆ. ಮಾಜಿ ಸೈನಿಕರಿಗೆ ಬೇರೆಯೇ ಒಂದು ವ್ಯವಸ್ಥೆ ಇದೆ. ಅದರ ಹೆಸರು ವಿಎ. ಅದು ವಿಮೆಯಲ್ಲ, ಸ್ವಂತ ಆಸ್ಪತ್ರೆ, ಸ್ವಂತ ವೈದ್ಯರು, ಸ್ವಂತ ಔಷಧಾಲಯ ಇರುವ ವ್ಯವಸ್ಥೆ. ಮೆಡಿಕೇರ್ ಬಿಲ್ ಕಟ್ಟುತ್ತದೆ, ವಿಎ ಚಿಕಿತ್ಸೆ ಕೊಡುತ್ತದೆ. ಎರಡೂ ಬೇರೆ ಬೇರೆ ಜಾತಿಯವು. ಆದ್ದರಿಂದ ಒಬ್ಬರೇ ಎರಡನ್ನೂ ಇಟ್ಟುಕೊಳ್ಳಬಹುದು.

ಆದರೆ ಅಲ್ಲೂ ಎರಡೂ ಬೆರೆಯುವುದಿಲ್ಲ. ವಿಎ ಆಸ್ಪತ್ರೆಯಲ್ಲಿ ತೋರಿಸಿದರೆ ಮೆಡಿಕೇರ್ ಒಂದು ಪೈಸೆಯನ್ನೂ ಕೊಡುವುದಿಲ್ಲ. ಮೆಡಿಕೇರ್ ತೋರಿಸಿ ಹೊರಗಿನ ವೈದ್ಯರ ಬಳಿ ಹೋದರೆ, ರೋಗಿಯ ಪಾಲಿಗೆ ಬರುವ ಮೊತ್ತವನ್ನು ವಿಎ ತುಂಬಿಕೊಡುವುದಿಲ್ಲ. ಪ್ರತಿಸಲ ಯಾವ ಬಾಗಿಲು ಬಡಿಯಬೇಕು ಎಂದು ರೋಗಿಯೇ ತೀರ್ಮಾನಿಸಬೇಕು.

ಅಲ್ಲಿಯೂ ಒಂದು ಪ್ರಸಿದ್ಧ ತಪ್ಪು ತಿಳಿವಳಿಕೆ ಇದೆ, ನಮ್ಮದಕ್ಕೆ ಉಲ್ಟಾ. "ವಿಎ ಇದ್ದರೆ ಮೆಡಿಕೇರ್ ಪಾರ್ಟ್ ಬಿ ಬೇಡ" ಎಂದುಕೊಂಡು ಕೆಲವರು ಸೇರದೆ ಬಿಡುತ್ತಾರೆ. ಪಾರ್ಟ್ ಬಿ ಎಂದರೆ ವೈದ್ಯರ ಭೇಟಿ, ಹೊರರೋಗಿ ಚಿಕಿತ್ಸೆಗೆ ಇರುವ ಭಾಗ. ನಂತರ ಬೇಕೆನಿಸಿದಾಗ ತಡವಾದ ಪ್ರತಿ 12 ತಿಂಗಳಿಗೆ ಕಂತಿನ ಮೇಲೆ ಶೇ 10ರಷ್ಟು ದಂಡ ಬೀಳುತ್ತದೆ. ಐದು ವರ್ಷ ತಡ ಮಾಡಿದರೆ ಶೇ 50. ಪಾರ್ಟ್ ಬಿ ಇರುವವರೆಗೂ ಅದನ್ನು ಕಟ್ಟುತ್ತಲೇ ಇರಬೇಕು. ಹಾಗಾಗಿ 65 ತುಂಬಿದಾಗ ಮೆಡಿಕೇರ್‌ಗೂ ಸೇರಿಕೊಳ್ಳಿ ಎಂದು ವಿಎ ಇಲಾಖೆಯೇ ಸಲಹೆ ಕೊಡುತ್ತದೆ.

ಎರಡು ಬಾಗಿಲು ಇರುವುದರಿಂದ ಅನುಕೂಲದ ಜೊತೆ ಅಪಾಯವೂ ಇದೆ. ಎರಡೂ ಕಡೆ ಬೇರೆ ಬೇರೆ ವೈದ್ಯರು, ಬೇರೆ ಬೇರೆ ದಾಖಲೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದೆ ಹೋಗಬಹುದು. ವಿಎ ಮತ್ತು ಮೆಡಿಕೇರ್ ಎರಡರಿಂದಲೂ ಓಪಿಯಾಯ್ಡ್ ಎಂಬ ಪ್ರಬಲ ನೋವು ನಿವಾರಕಗಳನ್ನು ಪಡೆಯುವ ಮಾಜಿ ಸೈನಿಕರಲ್ಲಿ, ಅವು ಅತಿಯಾಗಿ ಸಾವು ಸಂಭವಿಸುವ ಅಪಾಯ ಹೆಚ್ಚು ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡಿದ್ದಾರೆ. ಎರಡು ಕಾರ್ಡ್ ಇದ್ದ ಮಾತ್ರಕ್ಕೆ ಆರೋಗ್ಯ ಎರಡು ಪಟ್ಟು ಆಗುವುದಿಲ್ಲ ಎಂಬುದಕ್ಕೆ ಇದೊಂದು ಎಚ್ಚರಿಕೆ.

ನಿಜವಾಗಿ ಎರಡನ್ನೂ ಜೋಡಿಸಿದ ಉದಾಹರಣೆಯೂ ಅಲ್ಲೇ ಇದೆ. ಪೂರ್ಣಾವಧಿ ಸೇವೆ ಮಾಡಿ ಪಿಂಚಣಿ ಪಡೆಯುವ ಸೈನಿಕರಿಗೆ 2001ರಲ್ಲಿ ಟ್ರೈಕೇರ್ ಫಾರ್ ಲೈಫ್ ಎಂಬ ಯೋಜನೆ ಬಂತು. ಅದರಲ್ಲಿ ಮೆಡಿಕೇರ್‌ನ ಎರಡೂ ಮುಖ್ಯ ಭಾಗಗಳಿಗೆ ಸೇರಿರಲೇಬೇಕು. ಬಿಲ್ ಬಂದಾಗ ಮೊದಲು ಮೆಡಿಕೇರ್ ತನ್ನ ಪಾಲು ಕೊಡುತ್ತದೆ, ಉಳಿದದ್ದನ್ನು ಟ್ರೈಕೇರ್ ನೋಡಿಕೊಳ್ಳುತ್ತದೆ. ಯಾರು ಮೊದಲು, ಯಾರು ಆಮೇಲೆ ಎಂಬುದು ಕಾನೂನಿನಲ್ಲೇ ಬರೆದಿದೆ. ರೋಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಮ್ಮಲ್ಲೂ ಹಾಗೆ ಜೋಡಿಸಬಹುದಲ್ಲ?

ಕೇಳಬೇಕಾದ ಪ್ರಶ್ನೆಯೇ. ಮೊದಲ 5 ಲಕ್ಷ ಆಯುಷ್ಮಾನ್‌ನಿಂದ, ಅದರ ಮೇಲಿನದು ಇಸಿಎಚ್‌ಎಸ್‌ನಿಂದ ಎಂದು ನಿಯಮ ಮಾಡಿದರೆ ಮಾಜಿ ಸೈನಿಕರಿಗೆ ಹೆಚ್ಚು ಆಸ್ಪತ್ರೆಗಳ ಬಾಗಿಲು ತೆರೆಯುತ್ತದೆ. ಮನೆಯ ಹತ್ತಿರದ ಆಸ್ಪತ್ರೆ ಒಂದು ಪಟ್ಟಿಯಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಇರಬಹುದು.

ಅಡ್ಡಿ ಎಲ್ಲಿದೆ ಎಂದರೆ ಹಣ ಬರುವ ದಾರಿಯಲ್ಲಿ. ಇಸಿಎಚ್‌ಎಸ್ ಖರ್ಚು ಪೂರ್ತಿ ಕೇಂದ್ರದ ರಕ್ಷಣಾ ಸಚಿವಾಲಯದ್ದು. ಆಯುಷ್ಮಾನ್ ಖರ್ಚನ್ನು ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಎರಡನ್ನೂ ಜೋಡಿಸಿದರೆ ಇವತ್ತು ಕೇಂದ್ರವೊಂದೇ ಹೊರುವ ಮಾಜಿ ಸೈನಿಕರ ಚಿಕಿತ್ಸೆಯ ಒಂದು ಪಾಲು ರಾಜ್ಯಗಳ ಖಜಾನೆಗೆ ಬೀಳುತ್ತದೆ. ಮಾಜಿ ಸೈನಿಕರು ಹೆಚ್ಚಿರುವ ರಾಜ್ಯಕ್ಕೆ ಹೆಚ್ಚು ಹೊರೆ. ಇನ್ನೊಂದು ತೊಡಕು ದರದ್ದು. ಒಂದೇ ಆಪರೇಷನ್‌ಗೆ ಆಯುಷ್ಮಾನ್‌ನಲ್ಲಿ ಪ್ಯಾಕೇಜ್ ದರ, ಇಸಿಎಚ್‌ಎಸ್‌ನಲ್ಲಿ ಸಿಜಿಎಚ್‌ಎಸ್ ದರ. ಆಸ್ಪತ್ರೆ ಯಾವ ದರದಲ್ಲಿ ಬಿಲ್ ಮಾಡಬೇಕು? ಎರಡು ಸಚಿವಾಲಯಗಳ ನಡುವೆ ಕಡತ ನಿಂತರೆ ರೋಗಿಯನ್ನು ಯಾರು ನೋಡಬೇಕು?

ಸರ್ಕಾರ "ಒಂದನ್ನು ಆರಿಸಿಕೊಳ್ಳಿ" ಎಂದು ಹೇಳಿರುವುದು ಈ ತೊಡಕುಗಳನ್ನು ಬದಿಗಿಡುವ ಸುಲಭ ದಾರಿ. ಒಬ್ಬರ ಚಿಕಿತ್ಸೆಗೆ ಎರಡು ಕಡೆಯಿಂದ ಸಾರ್ವಜನಿಕ ಹಣ ಹೋಗುವುದನ್ನೂ ಅದು ತಪ್ಪಿಸುತ್ತದೆ. ಆದರೆ ಆರಿಸುವ ಹೊಣೆ 70 ದಾಟಿದವರ ಹೆಗಲಿಗೆ ಬಿತ್ತು. ಮೊಬೈಲ್ ಪರದೆಯ ಮುಂದೆ ಕೂತು, ಆಧಾರ್ ಒಟಿಪಿ ಹೊಡೆಯುತ್ತ, ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ಅವರೇ ತೂಗಬೇಕು. ಅಂಥ ಹೊತ್ತಿನಲ್ಲಿ ಕೈಗೆ ಸಿಗುವುದು ಇಂಥ ಒಂದು ಫಾರ್ವರ್ಡ್. ಅದಕ್ಕೇ ಅದರ ಒಂದು ತಪ್ಪು ಪದ ಇಷ್ಟು ದುಬಾರಿ.

ಹಾಗಾದರೆ ವಯ ವಂದನಾ ಕಾರ್ಡ್ ಬೇಡವೇ ಬೇಡವೇ?

ಹಾಗೆಂದು ನಾವು ಹೇಳುತ್ತಿಲ್ಲ. "ಈ ಕಾರ್ಡ್ ಮೋಸ, ಯಾರೂ ಮಾಡಿಸಬೇಡಿ" ಎಂದು ಇದನ್ನೇ ತಿರುಚಿ ಫಾರ್ವರ್ಡ್ ಮಾಡಿದರೆ ಅದೂ ಅಷ್ಟೇ ತಪ್ಪು. ಇಸಿಎಚ್‌ಎಸ್ ಇಲ್ಲದ ಹಿರಿಯರಿಗೆ ಇದು ನಿಜವಾದ ಆಸರೆ. 70ರ ನಂತರ ಖಾಸಗಿ ವಿಮೆ ಸಿಗುವುದೇ ಕಷ್ಟ, ಸಿಕ್ಕರೂ ಕಂತು ವಿಪರೀತ. ಇಲ್ಲಿ ಕಂತಿಲ್ಲ, ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ.

ಸೈನಿಕರ ಮನೆಗಳಲ್ಲೇ ಇಸಿಎಚ್‌ಎಸ್ ಇಲ್ಲದ ಹಿರಿಯರು ಇರುತ್ತಾರೆ. ಪಿಂಚಣಿ ಇಲ್ಲದೆ ಸೇನೆ ಬಿಟ್ಟವರಿಗೆ ಸಾಮಾನ್ಯವಾಗಿ ಇಸಿಎಚ್‌ಎಸ್ ಇರುವುದಿಲ್ಲ. ಶಾರ್ಟ್ ಸರ್ವಿಸ್ ಅಧಿಕಾರಿಗಳಂಥ ಕೆಲವು ವರ್ಗಗಳಿಗೆ 2019ರಲ್ಲಿ ಅವಕಾಶ ಕೊಟ್ಟಿದ್ದಾರೆ, ಅಂಥವರು ಮೊದಲು ಅದನ್ನು ವಿಚಾರಿಸಿಕೊಳ್ಳಲಿ. 2003ಕ್ಕೂ ಮುಂಚೆ ನಿವೃತ್ತರಾದವರಿಗೆ ಸೇರುವುದು ಕಡ್ಡಾಯವಾಗಿರಲಿಲ್ಲ. ಹಾಗೆ ಸೇರದೆ ಉಳಿದವರು ಈಗಲಾದರೂ ಇಸಿಎಚ್‌ಎಸ್ ಬಗ್ಗೆ ಕೇಳಿ ನೋಡುವುದು ಒಳ್ಳೆಯದು. ಮಾಜಿ ಸೈನಿಕರ ತಂದೆ ತಾಯಿ ಅವಲಂಬಿತರಾಗಿದ್ದರೆ ಮಾತ್ರ ಇಸಿಎಚ್‌ಎಸ್‌ಗೆ ಸೇರುತ್ತಾರೆ. ತಿಂಗಳ ಆದಾಯ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿ ದಾಟಿದರೆ ಸೇರುವುದಿಲ್ಲ. ಹಾಗೆ ಹೊರಗುಳಿದ ತಾಯಿಗೆ 70 ದಾಟಿದ್ದರೆ ವಯ ವಂದನಾ ಕಾರ್ಡ್ ಸರಿಯಾದ ದಾರಿ.

ಅಜ್ಜಿಯರ ವಿಷಯದಲ್ಲಿ ಒಂದು ಎಚ್ಚರ. ಗಂಡನ ಹೆಸರಿನಲ್ಲಿ ಇಸಿಎಚ್‌ಎಸ್ ಇದ್ದರೆ ಹೆಂಡತಿಯೂ ಅದರ ಫಲಾನುಭವಿಯೇ. "ನಾನೇನು ಸೈನಿಕಳಲ್ಲವಲ್ಲ" ಎಂದು ಆಕೆ ಪ್ರತ್ಯೇಕವಾಗಿ ಅರ್ಜಿ ಹಾಕುವ ಮೊದಲು ಇದೇ ಆಯ್ಕೆಯ ಪ್ರಶ್ನೆ ಆಕೆಗೂ ಇದೆ ಎಂಬುದು ನೆನಪಿರಲಿ. ಗಂಡ ತೀರಿಕೊಂಡ ಮೇಲೂ ಕುಟುಂಬ ಪಿಂಚಣಿ ಪಡೆಯುವ ಪತ್ನಿಗೆ ಇಸಿಎಚ್‌ಎಸ್ ಮುಂದುವರಿಯುತ್ತದೆ.

ಇದರ ಜೊತೆ ಓಡಾಡುವ ಇನ್ನೆರಡು ಮಾತುಗಳು

"70 ತುಂಬಿದ ಮೇಲೆ ಇಸಿಎಚ್‌ಎಸ್ ತಾನಾಗಿಯೇ ನಿಂತುಹೋಗುತ್ತದೆ, ಎಲ್ಲರೂ ಆಯುಷ್ಮಾನ್‌ಗೆ ಬರಬೇಕು." ಇದು ಸುಳ್ಳು. ಇಸಿಎಚ್‌ಎಸ್‌ಗೆ ವಯಸ್ಸಿನ ಮಿತಿ ಇಲ್ಲ. ನೀವು ಏನೂ ಮಾಡದೆ ಸುಮ್ಮನಿದ್ದರೆ ನಿಮ್ಮ ಸೌಲಭ್ಯ ಹಾಗೇ ಇರುತ್ತದೆ.

"ಎದೆನೋವು ಬಂದರೂ ಪಾಲಿಕ್ಲಿನಿಕ್‌ಗೇ ಮೊದಲು ಹೋಗಬೇಕು." ಇದೂ ಸುಳ್ಳು, ಮತ್ತು ಪ್ರಾಣಕ್ಕೆ ಅಪಾಯಕಾರಿ. ತುರ್ತು ಸ್ಥಿತಿಯಲ್ಲಿ ಒಪ್ಪಂದದ ಆಸ್ಪತ್ರೆಗೆ ನೇರವಾಗಿ ಹೋಗಬಹುದು, ಕಾರ್ಡ್ ತೋರಿಸಿ, ಆಸ್ಪತ್ರೆಯೇ ಇಸಿಎಚ್‌ಎಸ್‌ಗೆ ತಿಳಿಸುತ್ತದೆ. ಹತ್ತಿರದಲ್ಲಿ ಅಂಥ ಆಸ್ಪತ್ರೆ ಇಲ್ಲದಿದ್ದರೆ ಯಾವ ಆಸ್ಪತ್ರೆಗಾದರೂ ಸೇರಿಸಿ. 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಆಗ ಬಿಲ್ ನೀವು ಕಟ್ಟಿ, ನಂತರ ನಿಗದಿತ ದರದಂತೆ ವಾಪಸ್ ಕೇಳಬೇಕಾಗುತ್ತದೆ. ಆದ್ದರಿಂದ ಎಲ್ಲ ಮೂಲ ಬಿಲ್ಲುಗಳನ್ನು ಜೋಪಾನ ಮಾಡಿ. ಪಾಲಿಕ್ಲಿನಿಕ್ ಫೋನ್ ನಂಬರನ್ನು ಇವತ್ತೇ ಮನೆಯವರೆಲ್ಲರ ಮೊಬೈಲ್‌ನಲ್ಲಿ ಸೇವ್ ಮಾಡಿಡಿ.

ನೋಂದಣಿ ಮಾಡಿಸುವವರಿಗೆ ನಾಲ್ಕು ಮಾತು

ವಯ ವಂದನಾ ಕಾರ್ಡ್ ನೋಂದಣಿ ಉಚಿತ. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಅಧಿಕೃತ ಪೋರ್ಟಲ್ ಅಥವಾ ಆಯುಷ್ಮಾನ್ ಆ್ಯಪ್ ಮೂಲಕ ಆಧಾರ್ ಇ-ಕೆವೈಸಿ ಮಾಡಿದರೆ ಸಾಕು. ವಯಸ್ಸನ್ನು ನೋಡುವುದು ಆಧಾರ್‌ನಿಂದಲೇ. ಆಧಾರ್‌ನಲ್ಲಿ ಹುಟ್ಟಿದ ದಿನ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಕಾರ್ಡ್ ಮಾಡಿಕೊಡುತ್ತೇವೆ ಎಂದು ಫೋನ್ ಮಾಡಿದವರಿಗೆ ಒಟಿಪಿ ಹೇಳಬೇಡಿ. ಅನುಮಾನ ಬಂದರೆ ಸಹಾಯವಾಣಿ 14555ಕ್ಕೆ ಕರೆ ಮಾಡಿ. ನಿಮ್ಮ ಜಿಲ್ಲೆಯಲ್ಲಿ ಯಾವ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನೇ ಕೇಳಿ. ಕಾಯಿಲೆ ಬಿದ್ದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿಟ್ಟುಕೊಳ್ಳುವುದು ಮೇಲು.

ಅರ್ಜಿಯಲ್ಲಿ ಬೇರೆ ಸರ್ಕಾರಿ ಯೋಜನೆ ಇದೆಯೇ ಎಂಬ ಪ್ರಶ್ನೆ ಬಂದರೆ ಇದ್ದದ್ದನ್ನು ಇದ್ದಂತೆ ಹೇಳಿ. "ಇಲ್ಲ ಎಂದು ಹಾಕಿದರೆ ಎರಡೂ ಸಿಗುತ್ತದೆ" ಎಂಬ ಸಲಹೆ ಕೇಳಬೇಡಿ. ಅದು ಸುಳ್ಳು ಹೇಳಿಕೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವಾಗ ತಕರಾರು ಏಳುವುದು ಯಾರಿಗೂ ಬೇಡ. ಇಸಿಎಚ್‌ಎಸ್ ಬಿಡಲೇಬೇಕು ಎನಿಸಿದರೆ ನಿಮ್ಮ ಪಾಲಿಕ್ಲಿನಿಕ್‌ನಲ್ಲಿ ಅಥವಾ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದ ಮೇಲೆ ಮುಂದುವರಿಯಿರಿ. ಮತ್ತೆ ಹಿಂದಕ್ಕೆ ಬರಬಹುದು ಎಂಬ ಭರವಸೆಯ ಮೇಲೆ ಬಟನ್ ಒತ್ತಬೇಡಿ.

ಅಜ್ಜನ ಮನೆಯಲ್ಲಿ ಏನಾಯಿತು?

ಭಾನುವಾರ ಊರಿಗೆ ಹೋದ ನಮ್ಮ ತಂಡದವರು ಅಜ್ಜ ಅಜ್ಜಿ ಇಬ್ಬರಿಗೂ ಅರ್ಜಿ ಹಾಕಲಿಲ್ಲ. ಅವರ ಇಸಿಎಚ್‌ಎಸ್ ಕಾರ್ಡುಗಳನ್ನು ಬೀರುವಿನಿಂದ ತೆಗೆದು, ಎರಡರಲ್ಲೂ ಹೆಸರು ಸರಿಯಾಗಿದೆಯೇ ಎಂದು ನೋಡಿ, ಫೋಟೊ ತೆಗೆದು ಗ್ರೂಪಿಗೆ ಹಾಕಿದರು. ಪಾಲಿಕ್ಲಿನಿಕ್ ನಂಬರನ್ನು ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದರು. ಅಜ್ಜ ಮೊದಲು ಒಪ್ಪಲಿಲ್ಲ. "ಪುಕ್ಕಟೆ ಕೊಡ್ತೀವಿ ಅಂದಾಗ ಬೇಡ ಅನ್ನೋದಾ?" ಎಂದರು. ತಿಂಗಳ ಮಾತ್ರೆಯ ಲೆಕ್ಕ ಹಾಳೆಯ ಮೇಲೆ ಬರೆದು ತೋರಿಸಿದ ಮೇಲೆ ಸುಮ್ಮನಾದರು.

ಪಕ್ಕದ ಮನೆಯಲ್ಲಿ ಅಜ್ಜನ ತಮ್ಮ ಇದ್ದಾರೆ. 71 ವರ್ಷ. ಜೀವನವಿಡೀ ಬೇಸಾಯ. ಯಾವ ವಿಮೆಯೂ ಇಲ್ಲ. ಫಾರ್ವರ್ಡ್ ಅವರಿಗೂ ಹೋಗಿತ್ತು, ಆದರೆ "ಅದು ಮಿಲಿಟರಿಯವರಿಗೆ" ಎಂದುಕೊಂಡು ಅವರು ತೆರೆದೇ ನೋಡಿರಲಿಲ್ಲ. ಆ ದಿನ ಆಯುಷ್ಮಾನ್ ಆ್ಯಪ್ ತೆರೆದು ಕೂತದ್ದು ಅವರ ಆಧಾರ್ ಹಿಡಿದುಕೊಂಡು.

ಸಂದೇಶ ಒಂದೇ. ಅಣ್ಣನಿಗೆ ಅದು ನಷ್ಟ, ತಮ್ಮನಿಗೆ ಆಸರೆ. ಆದ್ದರಿಂದ ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಎಲ್ಲ ಗ್ರೂಪುಗಳಿಗೂ ಒಟ್ಟಿಗೆ ಕಳಿಸಬೇಡಿ. ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ: "ನಿಮಗೆ ಈಗಾಗಲೇ ಸರ್ಕಾರದ ಯಾವ ಆರೋಗ್ಯ ಕಾರ್ಡ್ ಇದೆ?" ಉತ್ತರ ಸಿಜಿಎಚ್‌ಎಸ್, ಇಸಿಎಚ್‌ಎಸ್ ಅಥವಾ ಸಿಎಪಿಎಫ್ ಎಂದಾದರೆ ಅಲ್ಲಿಗೇ ನಿಲ್ಲಿಸಿ, ವಿಚಾರಿಸಿ. "ಯಾವುದೂ ಇಲ್ಲ" ಎಂದಾದರೆ ಬರೀ ಫಾರ್ವರ್ಡ್ ಮಾಡಿ ಬಿಡಬೇಡಿ, ಜೊತೆಯಲ್ಲಿ ಕೂತು ನೋಂದಣಿ ಮಾಡಿಸಿಕೊಡಿ.